ಗೋವು ಎಡಕ್ಕೆ, ಕೋವಿ ಬಲಕ್ಕೆ

ಗೋವಿನಕೋವಿಯಲ್ಲಿ ಸರೌಂಡ್ ಸೌಂಡಿನ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವನು ಸದ್ಯಕ್ಕೆ ನಾನೊಬ್ಬನೇ. ಎಲ್ಲಿ ಓದಿದ್ದು ಅಂತ ಕೇಳುವವರಿದ್ದಾರೆ. ಗಣಪತಿ ಪೆಂಡಾಲಿನಲ್ಲಿ ಆಂಪ್ಲಿಫೈಯರ್ ಪಕ್ಕದ ಕುರ್ಚಿಯಲ್ಲಿ ಏಳು ವರ್ಷ ಕೂತವನಿಗೆ ಬೇರೆ ಓದು ಬೇಕಿಲ್ಲ. ಎಡಗಿವಿ ಕೊಂಚ ಮಂದ. ಈ ಕ್ಷೇತ್ರದಲ್ಲಿ ಅದನ್ನೇ ಅನುಭವ ಅನ್ನುವುದು.

ಊರಿನ ಹೆಸರನ್ನೇ ನೋಡಿ. ಎಡಕ್ಕೆ ಗೋವು, ಬಲಕ್ಕೆ ಕೋವಿ. ಎರಡೂ ಸದ್ದು ಮಾಡುವಂಥವು, ಎರಡೂ ಬೇರೆ ಬೇರೆ ದಿಕ್ಕಿನವು. ಹೆಸರಲ್ಲೇ ಸ್ಟೀರಿಯೊ ಇಟ್ಟುಕೊಂಡ ಊರು ಈ ಸೀಮೆಯಲ್ಲಿ ಇನ್ನೊಂದಿಲ್ಲ. ಸ್ಥಳನಾಮ ಪಂಡಿತರು ಇದನ್ನು ಒಪ್ಪಲಿಕ್ಕಿಲ್ಲ. ಅವರಿಗೆ ಆಡಿಯೊ ಗೊತ್ತಿಲ್ಲ.

ಪ್ರಕರಣ ಶುರುವಾದದ್ದು ಅಕ್ಕನ ಮಗನಿಂದ. ಶಿವಮೊಗ್ಗದಿಂದ ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 3 ತಂದಿದ್ದ. ಆಟದ ಸದ್ದನ್ನು 5.1 ಇದ್ದದ್ದು ಇದ್ದ ಹಾಗೆ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು ಅಂದ. ಯಾಕಪ್ಪಾ ಅಂದೆ. "ಬೇಕು ಮಾವ" ಅಂದ. ಸಂಶೋಧನೆಗೆ ಇದಕ್ಕಿಂತ ಗಟ್ಟಿ ಕಾರಣವನ್ನು ನಾನು ಕೇಳಿಲ್ಲ.

ತಿಳಿಯದವರಿಗಾಗಿ ಹೇಳುತ್ತೇನೆ. ಐದು ಅಂದರೆ ಮುಂದೆ ಮೂರು ಡಬ್ಬ, ಹಿಂದೆ ಎರಡು. ಪಾಯಿಂಟ್ ಒಂದು ಅಂದರೆ ಬರೀ ಗುಡುಗಿಗೆ ಮೀಸಲಾದ ಬೇಸ್ ಡಬ್ಬ, 120 ಹರ್ಟ್ಜ್‌ನಿಂದ ಕೆಳಗಿನದಷ್ಟೇ ಅದರ ಪಾಲು. ಲೆಕ್ಕದಲ್ಲಿ ಹತ್ತರಲ್ಲೊಂದು, ಗಲಾಟೆಯಲ್ಲಿ ಮುಕ್ಕಾಲು. ಕೂಡು ಕುಟುಂಬದಲ್ಲಿ ಬೆಳೆದವರಿಗೆ ಇನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಈ ವಿದ್ಯೆಯ ಮೂಲಪುರುಷ ರೇ ಡಾಲ್ಬಿ. ಅವರು 1963ರಿಂದ 65ರವರೆಗೆ ವಿಶ್ವಸಂಸ್ಥೆಯ ಸಲಹೆಗಾರರಾಗಿ ಭಾರತದಲ್ಲಿದ್ದರು. ಇಲ್ಲಿಂದ ಹೋದವರೇ, ಅದೇ 1965ರಲ್ಲಿ, ಲಂಡನ್ನಿನಲ್ಲಿ ಕಂಪನಿ ತೆರೆದು ಗದ್ದಲ ಕಡಿಮೆ ಮಾಡುವ ಯಂತ್ರ ತಯಾರಿಸಿದರು. ಎರಡು ವರ್ಷ ನಮ್ಮಲ್ಲಿದ್ದ ಮನುಷ್ಯನಿಗೆ ಈ ಯೋಚನೆ ಯಾಕೆ ಬಂತು ಅನ್ನುವುದನ್ನು ಓದುಗರೇ ಊಹಿಸಿಕೊಳ್ಳಲಿ.

ಪ್ಲೇಸ್ಟೇಷನ್ 3ರ ಎಚ್‌ಡಿಎಂಐ ತೂತಿಗೆ ಎಚ್‌ಡಿಸಿಪಿ ಅನ್ನುವ ಬೀಗ ಇದೆ. ಟಿವಿಗೆ ಕೊಡುತ್ತದೆ, ರೆಕಾರ್ಡ್ ಮಾಡುವವನಿಗೆ ಕೊಡುವುದಿಲ್ಲ. ಆದರೆ ಮುಂಬಾಗಿಲಿಗೆ ಬೀಗ ಜಡಿದವರು ಹಿತ್ತಲ ಬಾಗಿಲು ಮರೆತಿದ್ದಾರೆ. ಅದೇ ಆಪ್ಟಿಕಲ್ ತೂತು, ತೋಶಿಬಾದವರು 1983ರಲ್ಲಿ ಸಿಡಿ ಪ್ಲೇಯರಿಗೆ ಅಂತ ಮಾಡಿದ್ದು. ಇದರಲ್ಲಿ ಸದ್ದು ಬೆಳಕಾಗಿ ಹರಿಯುತ್ತದೆ. (2020ರ ಪ್ಲೇಸ್ಟೇಷನ್ 5ರಲ್ಲಿ ಈ ತೂತೇ ಇಲ್ಲ. ಹಿತ್ತಲನ್ನೂ ಕಟ್ಟಿಬಿಟ್ಟರು.)

ಕೇಬಲ್ ತರಿಸಿದೆವು. ಒಂದು ತುದಿ ಪ್ಲೇಸ್ಟೇಷನ್ನಿಗೆ, ಇನ್ನೊಂದು ಕಂಪ್ಯೂಟರಿನ ಸೌಂಡ್ ಕಾರ್ಡಿಗೆ. ಮೂರು ದಿನ ಸದ್ದಿಲ್ಲ. ಮೊದಲ ದಿನ ವೋಲ್ಟೇಜ್ ಸಾಲದು ಅಂದೆ. ಎರಡನೆಯ ದಿನ ಭೂಮಿಯ ತೇವಾಂಶ ಅಂದೆ. ಮೂರನೆಯ ದಿನ ಅಕ್ಕ ಕಸ ಗುಡಿಸಲು ಬಂದವಳು ಕೇಬಲ್ ಕಿತ್ತು, ತುದಿಗಿದ್ದ ಕಡಲೆಕಾಳು ಗಾತ್ರದ ಪ್ಲಾಸ್ಟಿಕ್ ಟೋಪಿಯನ್ನು ಉಗುರಿನಿಂದ ಎಬ್ಬಿಸಿ, "ಇದನ್ನ ತೆಗೀಬೇಕಾ?" ಅಂದಳು. ತೆಗೆದದ್ದೇ ತಡ, ತುದಿಯಲ್ಲಿ ಕುಂಕುಮದ ಬೊಟ್ಟಿನಷ್ಟು ಕೆಂಪು ಬೆಳಕು. ನಾನು ಆ ಹಂತಕ್ಕೇ ಬರುತ್ತಿದ್ದೆ ಅಂತ ಹೇಳಿದೆ.

ರೆಕಾರ್ಡಿಂಗ್ ಆಯಿತು, ನಿಮಿಷಕ್ಕೆ 11.5 ಎಂಬಿ ಲೆಕ್ಕದಲ್ಲಿ. ಹಾಕಿದರೆ ಬರೀ "ಶೋ". ಶೀಟಿನ ಮನೆ ಮೇಲೆ ಆಷಾಢದ ಮಳೆ ಹೊಯ್ದ ಹಾಗೆ. ಅಂಗಳದಿಂದ ಭಾವ ಕೂಗಿದರು, "ಮಳೆ ಬಂತೇನ್ರೋ? ಮೆಕ್ಕೆಜೋಳ ಒಣಗಾಕೈತೆ, ಎತ್ರೋ!" ನಾಲ್ಕು ಜನ ತಾಡಪಾಲು ಹಿಡಿದು ಓಡಿದರು. ನನ್ನ ಪ್ರಕಾರ ಇದು ಡಿಜಿಟಲ್ ತಂತ್ರಜ್ಞಾನಕ್ಕೆ ಊರಿನಲ್ಲಿ ಸಿಕ್ಕ ಮೊದಲ ಸಾರ್ವಜನಿಕ ಸ್ಪಂದನೆ.

"ಶೋ" ಯಾಕೆ? ಆಪ್ಟಿಕಲ್ ತಂತಿಯಲ್ಲಿ ಎರಡು ಚಾನೆಲ್ಲಿಗಷ್ಟೇ ಜಾಗ, ಸೆಕೆಂಡಿಗೆ 1536 ಕಿಲೊಬಿಟ್. ಆರು ಚಾನೆಲ್ ಅದರಲ್ಲಿ ಬಿಡಿಬಿಡಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಡಾಲ್ಬಿ ಡಿಜಿಟಲ್ ಅನ್ನುವ ಪದ್ಧತಿ ಅವನ್ನು ಒತ್ತಿ ಒತ್ತಿ, 640 ಕಿಲೊಬಿಟ್ ಮೀರದ ಹಾಗೆ ಮೂಟೆ ಕಟ್ಟುತ್ತದೆ. ಒಂದೊಂದು ಮೂಟೆ 32 ಮಿಲಿಸೆಕೆಂಡಿನದು. ಮಿಕ್ಕ ಜಾಗಕ್ಕೆಲ್ಲ ಸೊನ್ನೆ ತುಂಬುತ್ತಾರೆ, ಮದುವೆಗೆ ಬಂದ ದೊಡ್ಡ ಡಬ್ಬದೊಳಗೆ ಸಣ್ಣ ಗೋಡೆ ಗಡಿಯಾರ ಇದ್ದ ಹಾಗೆ. ಅಂದರೆ ತಂತಿಯಲ್ಲಿ ಬಂದದ್ದು ಸದ್ದೇ ಅಲ್ಲ, ಕಟ್ಟಿದ ಮೂಟೆ. ಬಿಚ್ಚದೆ ಹಾಗೇ ನುಡಿಸಿದರೆ ಮಳೆ.

ಇನ್ನು ಮುಖ್ಯ ವಿಷಯ. ಈ ಮೂಟೆಗಳು ಮಡಿಯವು. ರೆಕಾರ್ಡಿಂಗ್ ವಾಲ್ಯೂಮ್ 100ರಲ್ಲೇ ಇರಬೇಕು, 99 ಮಾಡಿದರೂ ಮೈಲಿಗೆ. ಮಾಮೂಲಿ ಹಾಡಾದರೆ ವಾಲ್ಯೂಮ್ ಇಳಿಸಿದಾಗ ಸದ್ದು ಸಣ್ಣದಾಗುತ್ತದೆ, ಅಷ್ಟೇ. ಇಲ್ಲಿ ಅಂಕೆಗಳೇ ಬದಲಾಗಿ, ಪ್ರತಿ ಮೂಟೆಯ ತಲೆಯ ಮೇಲಿರುವ ಮಾರ್ಕೇ ಅಳಿಸಿಹೋಗುತ್ತದೆ. ಮಾರ್ಕಿಲ್ಲದ ಅಡಕೆ ಮೂಟೆಯನ್ನು ಮಂಡಿಯವರು ಇಳಿಸಿಕೊಳ್ಳುತ್ತಾರೆಯೇ? ಕಂಪ್ಯೂಟರ್ 48,000ದ ಬದಲು 44,100ರಲ್ಲಿ ಬರೆದುಕೊಂಡರೂ ಅದೇ ಗತಿ. ಇಬ್ಬರ ಗಡಿಯಾರವೂ ಒಂದೇ ಆಗಿರಬೇಕು, ಅದೂ ಪ್ಲೇಸ್ಟೇಷನ್ನಿನದೇ. ಧಾರೆಯ ಹೊತ್ತಿಗೆ ಪುರೋಹಿತರ ವಾಚನ್ನು ನೋಡುತ್ತಾರೆಯೇ ಹೊರತು ವರನ ಭಾವನ ವಾಚನ್ನಲ್ಲ.

ನಮ್ಮ ಮೊದಲ ಮೂರು ರೆಕಾರ್ಡಿಂಗ್ ಕೆಟ್ಟದ್ದು ನನ್ನಿಂದಲೇ. ಪಕ್ಕದ ಮನೆಯವರಿಗೆ ತೊಂದರೆ ಆಗದಿರಲಿ ಅಂತ ಸೌಜನ್ಯಕ್ಕೆ 98ಕ್ಕೆ ಇಳಿಸಿದ್ದೆ. ಇಲ್ಲಿ ಸೌಜನ್ಯಕ್ಕೆ ಜಾಗವಿಲ್ಲ. ಇನ್ನೊಂದು ತಮಾಷೆ ಅಂದರೆ ಕೆಟ್ಟ ರೆಕಾರ್ಡಿಂಗೂ ಒಳ್ಳೆಯದೂ ಕಿವಿಗೆ ಒಂದೇ ಥರ, ಎರಡೂ "ಶೋ". ಕೆಲವು ಕವಿಗೋಷ್ಠಿಗಳನ್ನು ಬಿಟ್ಟರೆ ಈ ಅನುಕೂಲ ಬೇರೆಲ್ಲೂ ಇಲ್ಲ.

ನಾಲ್ಕನೆಯದು ಮಡಿಯಾಗಿ ಬಂತು. ಹುಡುಗ ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರಿನಿಂದ ಸೊನ್ನೆಗಳನ್ನು ತೂರಿ, ಕಾಳು ಮಾತ್ರ ಬೇರೆ ಫೈಲಿಗೆ ತುಂಬಿದ. ಒಳಗಿನ ಸದ್ದು ಹಾಳಾಗಲಿಲ್ಲವೇ ಅಂತ ಭಾವ ಕೇಳಿದರು. ನಾನು ವಿವರಿಸಿದೆ: 1997ರಲ್ಲಿ ಹೊನ್ನಾಳಿಯನ್ನು ಶಿವಮೊಗ್ಗದಿಂದ ತೆಗೆದು ದಾವಣಗೆರೆಗೆ ಹಾಕಿದರು. ಆಮೇಲೆ ನಮ್ಮನ್ನು ಹೊನ್ನಾಳಿಯಿಂದ ತೆಗೆದು ನ್ಯಾಮತಿಗೆ ಹಾಕಿದರು. ಊರಿನ ಒಂದು ಹೆಂಚಾದರೂ ಅಲ್ಲಾಡಿತೇ? ಚೀಲ ಬದಲು, ಕಾಳು ಅದೇ. "ಪಹಣಿ ಮಾತ್ರ ಸಿಗಾಕಿಲ್ಲ" ಅಂದರು. ಅದು ಬೇರೆ ಸಮಸ್ಯೆ.

ಈಗ ಕೇಳಬೇಕಲ್ಲ. ಹುಡುಗನ ಕಂಪ್ಯೂಟರಿಗಿದ್ದ ಸ್ಪೀಕರ್ ಎರಡು, ಅದರಲ್ಲಿ ಒಂದರೊಳಗೆ ಇರುವೆ. ಮೈಕ್‌ಸೆಟ್ಟಿನವನನ್ನು ಕರೆಸಿದೆವು. ಆರು ಡಬ್ಬ ತಂದ. ಕಂಪ್ಯೂಟರಿನ ಹಿಂದಿನ ಹಸಿರು, ಕಪ್ಪು, ಕಿತ್ತಳೆ ತೂತುಗಳಿಂದ ವೈರ್ ಎಳೆದು ಯಾವುದು ಎಲ್ಲಿ ಅಂತ ಸೀಮೆಸುಣ್ಣದಲ್ಲಿ ಅಂಗಳದಲ್ಲೇ ಗುರುತು ಹಾಕಿಕೊಟ್ಟೆ. ಅವನು ಗುರುತು ನೋಡಿದ, ನನ್ನ ನೋಡಿದ, ಆರನ್ನೂ ಬೀದಿ ಬದಿಗೆ ಒಂದರ ಮೇಲೊಂದು ಪೇರಿಸಿದ. ಹಿಂದೆ ಎರಡು ಇಡಪ್ಪಾ ಅಂದೆ. "ಹಿಂದಿಟ್ರೆ ಹೋಗೋ ಬರೋರಿಗೆ ಹೆಂಗೆ ಕಾಣ್ತಾವ್ ಸಾರ್? ನಮ್ ಹೆಸ್ರು ಬರ್ಸಿರೋದು ಮುಂದಕ್ಕೆ ಅಲ್ವಾ?"

ಫೈಲ್ ಹಾಕಿದೆವು. ನಾನು ನಡು ಅಂಗಳದಲ್ಲಿ, ಕೊಟ್ಟಿಗೆಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಕೂತೆ. ಆಟದಲ್ಲಿ ಬೆನ್ನ ಹಿಂದಿನಿಂದ ಬರಬೇಕಿದ್ದ ಶತ್ರು ಎದುರಿನಿಂದಲೇ ಬಂದ. ಸುತ್ತು ಹೊಡೆಯಬೇಕಿದ್ದ ಹೆಲಿಕಾಪ್ಟರು ಬೀದಿ ಬದಿಯಲ್ಲೇ ನಿಂತು ಮೊರೆಯಿತು. ಆಮೇಲೆ ಕೋವಿ. ಆರೂ ಡಬ್ಬದಿಂದ ಒಟ್ಟಿಗೆ ಹಾರಿತು.

ಆ ಕ್ಷಣಕ್ಕೆ ಬೆನ್ನ ಹಿಂದೆ, ಎಡಕ್ಕೆ, ಅಕ್ಕನ ಕೆಂದ ಹಸು ಅಂಬಾ ಅಂತ ಅರಚಿ ಹಗ್ಗ ಕಿತ್ತಿತು. ಗೊರಸಿನ ಸದ್ದು ನನ್ನ ಎಡಗಡೆಯಿಂದ ಶುರುವಾಗಿ, ಬೆನ್ನ ಹಿಂದೆ ಹಾದು, ಬಲಕ್ಕೆ ಹೊರಳಿ, ಬಚ್ಚಲ ಹಂಡೆಯ ಮೇಲೆ ಮುಗಿಯಿತು. ನನ್ನ ಮಂದ ಕಿವಿಗೂ ಕೇಳಿಸಿತು. ಕಣ್ಣು ತೆರೆಯದೆ ಡೈರಿ ತೆಗೆದು ಬರೆದುಕೊಂಡೆ: ಹಿಂದಿನ ಎಡ ಚಾನೆಲ್, ಸ್ಪಷ್ಟ.