ಕಾಲಾಯ ತಸ್ಮೈ ನಮಃ: ವ್ಯಾನ್ ಡ್ಯಾಮ್ ಪದವಿನ್ಯಾಸ ಮೀಮಾಂಸೆ

ತೊಂಬತ್ತರ ದಶಕದ ‘ಇಂಗ್ಲಿಷ್ ಫೈಟಿಂಗ್ ಪಿಕ್ಚರ್’ಗಳ ಅಧ್ಯಯನಕ್ಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಒಂದು ಪೀಠ ಸ್ಥಾಪನೆಯಾಗದಿರುವುದು ವಿಷಾದದ ಸಂಗತಿ. ಆ ಕೊರತೆಯನ್ನು ಯಥಾಶಕ್ತಿ ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ: ಜೀನ್ ಕ್ಲಾಡ್ ವ್ಯಾನ್ ಡ್ಯಾಮ್‌ನ ಎರಡು ಕಾಲುಗಳು ಮತ್ತು ಅವುಗಳ ನಡುವಿನ ಅಂತರ. (ಏಕವಚನ ಅಗೌರವವಲ್ಲ. ದೇವರಿಗೂ ಬಾಲ್ಯದ ಹೀರೋಗೂ ಬಹುವಚನ ಹೊಂದುವುದಿಲ್ಲ.)

ಕವಿಕಾಲವಿಚಾರದಲ್ಲಿ ಹೆಚ್ಚು ತಕರಾರಿಲ್ಲ. 1960ರಲ್ಲಿ ಬ್ರಸೆಲ್ಸ್‌ನಲ್ಲಿ ಜನನ, ಮೂಲ ಹೆಸರು ವ್ಯಾನ್ ವಾರೆನ್‌ಬರ್ಗ್, ಕಲಿತ ವಿದ್ಯೆ ಕರಾಟೆ ಮತ್ತು ಬ್ಯಾಲೆ. ಈ ಬ್ಯಾಲೆಯ ಸಂಗತಿಯನ್ನು ನಮ್ಮ ಕ್ಲಾಸಿನ ಹಿಂದಿನ ಬೆಂಚಿನ ವಿದ್ವಾಂಸರು ಪ್ರಕ್ಷಿಪ್ತವೆಂದು ತಳ್ಳಿಹಾಕಿದ್ದರು. ಆದರೆ ಆ ಕಾಲುಗಳಿಗೆ ಬೇರೆ ವಿವರಣೆಯೇ ಇಲ್ಲ.

ಭರತಮುನಿ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದ್ದಾನೆ. ಆಹಾರ್ಯವನ್ನು ಇಲ್ಲೇ ಮುಗಿಸಿಬಿಡಬಹುದು: ನಾಯಕ ಅಂಗಿ ಬಿಚ್ಚುತ್ತಾನೆ. ವಾಚಿಕ ಸ್ವಲ್ಪ ಜಟಿಲ. ಅವನ ಇಂಗ್ಲಿಷಿನಲ್ಲಿ ಫ್ರೆಂಚಿನ ವಾಸನೆ ಹೋಗಲೇ ಇಲ್ಲವಾದ್ದರಿಂದ ಚಿತ್ರಕಥೆಗಾರರು ಅದಕ್ಕೊಂದು ಜಾತಕ ಬರೆಯಬೇಕಾಯಿತು. ‘ಯೂನಿವರ್ಸಲ್ ಸೋಲ್ಜರ್’ (1992), ‘ಹಾರ್ಡ್ ಟಾರ್ಗೆಟ್’ (1993) ಎರಡರಲ್ಲೂ ಅವನು ಫ್ರೆಂಚ್ ಮೂಲದ ಲೂಸಿಯಾನದವನು. ‘ಸಡನ್ ಡೆತ್’ (1995)ನಲ್ಲಿ ಕೆನಡಾದ ಫ್ರೆಂಚ್ ಸೀಮೆಯವನು. ಇಷ್ಟೆಲ್ಲ ಕಷ್ಟ ನಮ್ಮ ಸಲುವಾಗಿಯಂತೂ ಬೇಕಿರಲಿಲ್ಲ. ಯಾರ ಬಾಯಲ್ಲಿ ಬಂದರೂ ಇಂಗ್ಲಿಷು ನಮಗೆ ಅಷ್ಟೇ ಅರ್ಥವಾಗುತ್ತಿತ್ತು.

ಇನ್ನು ಆಂಗಿಕ. ‘ಕಿಕ್‌ಬಾಕ್ಸರ್’ (1989)ನಲ್ಲಿ ಗುರು ಶಿಷ್ಯನ ಎರಡು ಕಾಲಿಗೂ ಹಗ್ಗ ಕಟ್ಟಿ, ಮರಗಳ ನಡುವೆ ಎಡಕ್ಕೊಂದು ಬಲಕ್ಕೊಂದು ಎಳೆಸುತ್ತಾನೆ. ಶಿಷ್ಯನ ಚೀತ್ಕಾರವೇ ಆ ಗುರುಕುಲದ ಮಂತ್ರಘೋಷ. ಹೀಗೆ ಸಿದ್ಧಿಸಿದ ವಿದ್ಯೆಯ ಶಿಖರವೆಂದರೆ ‘ಟೈಮ್‌ಕಾಪ್’ (1994)ನ ಅಡುಗೆಮನೆ. ನೆಲವೆಲ್ಲ ಒದ್ದೆ, ಖಳನ ಕೈಯಲ್ಲಿ ಶಾಕ್ ಹೊಡೆಯುವ ಯಂತ್ರ. ಸಾಮಾನ್ಯ ಮನುಷ್ಯನಾದರೆ ಕಟ್ಟೆ ಹತ್ತಿ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ವ್ಯಾನ್ ಡ್ಯಾಮ್ ಒಳಚಡ್ಡಿಯಲ್ಲೇ ಹಾರಿ, ಆ ಕಟ್ಟೆಗೊಂದು ಈ ಕಟ್ಟೆಗೊಂದು ಕಾಲು ಚಾಚಿ, ನಡುವೆ ತೋರಣದ ಹಾಗೆ ನಿಲ್ಲುತ್ತಾನೆ. ಕೆಳಗೆ ಖಳನಿಗೆ ಕರೆಂಟು.

ಈ ಭಂಗಿಯ ಸಾಧ್ಯಾಸಾಧ್ಯತೆ ಕುರಿತು ಎರಡು ಡೆಸ್ಕುಗಳ ನಡುವೆ ಕ್ಷೇತ್ರಕಾರ್ಯ ನಡೆದಿದೆ. ನೂರ ಎಂಬತ್ತು ಡಿಗ್ರಿಯ ಬಹಳ ಮೊದಲೇ ಖಾಕಿ ಚಡ್ಡಿಯ ಹೊಲಿಗೆ ಭಿನ್ನಾಭಿಪ್ರಾಯ ದಾಖಲಿಸುತ್ತದೆ ಎಂಬುದು ಅದರ ಏಕೈಕ ಫಲಿತಾಂಶ.

ಅಡುಗೆಮನೆಗೂ ಈ ನಾಯಕನಿಗೂ ಇರುವ ನಂಟು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ. ‘ಸಡನ್ ಡೆತ್’ನಲ್ಲೂ ಹೊಡೆದಾಟ ನಡೆಯುವುದು ಅಲ್ಲೇ, ಅದೂ ಪೆಂಗ್ವಿನ್ ವೇಷ ತೊಟ್ಟ ಕೊಲೆಗಾತಿಯೊಂದಿಗೆ. ಯಕ್ಷಗಾನ ಕಂಡ ನಾಡಿನವರಾದ ನಮಗೆ ವೇಷದ ಜೊತೆ ಯುದ್ಧ ಹೊಸದಲ್ಲ. ಆದರೆ ಪಾತ್ರೆ ತೊಳೆಯುವ ಯಂತ್ರದಲ್ಲಿ ಅಂತ್ಯ ಕಂಡ ಪಕ್ಷಿ ನಮ್ಮ ಯಾವ ಪ್ರಸಂಗದಲ್ಲೂ ಸಿಗದು.

ಪುನರುಕ್ತಿ ದೋಷದ ಆರೋಪವೂ ಇದೆ. ಒಂದೇ ಒದೆ ನಿಧಾನಗತಿಯಲ್ಲಿ, ಬೇರೆ ಬೇರೆ ಕೋನಗಳಿಂದ ಮತ್ತೆ ಮತ್ತೆ ಬರುವುದನ್ನು ಕಂಡು, ಕ್ಯಾಸೆಟ್ ಸಿಕ್ಕಿಕೊಂಡಿದೆಯೆಂದು ವಿಸಿಆರ್ ತಲೆಗೆ ಗುದ್ದಿದ ಹಿರಿಯರಿದ್ದಾರೆ. ಒದೆ ಸಾಲದಾದಾಗ ನಾಯಕನೇ ಇಮ್ಮಡಿಯಾಗುತ್ತಿದ್ದ. ‘ಡಬಲ್ ಇಂಪ್ಯಾಕ್ಟ್’ (1991)ನಲ್ಲಿ ಅವಳಿ, ‘ಮ್ಯಾಕ್ಸಿಮಮ್ ರಿಸ್ಕ್’ (1996)ನಲ್ಲಿ ಮತ್ತೆ ಅವಳಿ, ‘ರೆಪ್ಲಿಕೆಂಟ್’ (2001)ನಲ್ಲಿ ತದ್ರೂಪಿ. ಡಬಲ್ ಆ್ಯಕ್ಟಿಂಗ್ ನೋಡುತ್ತಲೇ ಬೆಳೆದ ನಮಗೆ ಗುರುತು ಹಿಡಿಯುವುದು ಕಷ್ಟವೇ? ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದವನು ಒರಟ, ಉಳಿದವನು ಸಾಧು.

ಸಾತ್ತ್ವಿಕ ಇವನಿಗೆ ಒಲಿದದ್ದು ತಡವಾಗಿ. 2008ರ ‘ಜೆಸಿವಿಡಿ’ಯಲ್ಲಿ ಅವನು ಅವನೇ: ಮಗಳ ಪಾಲನೆಯ ಮೊಕದ್ದಮೆಯಲ್ಲಿ ಸೋತ, ಕೈಯಲ್ಲಿ ಕಾಸಿಲ್ಲದ ಹಳೆಯ ಹೀರೋ. ಊರಿಗೆ ಬಂದು ಅಂಚೆ ಕಚೇರಿಗೆ ಕಾಲಿಟ್ಟರೆ ಒಳಗೆ ದರೋಡೆ. ಪೊಲೀಸರು ಇವನೇ ದರೋಡೆಕೋರನೆಂದು ನಂಬುತ್ತಾರೆ. ಕೈಗೆ ಬಂದಿದ್ದ ಪಾತ್ರವೊಂದು ಸ್ಟೀವನ್ ಸೀಗಲ್ ಪಾಲಾಗಿರುತ್ತದೆ, ಜುಟ್ಟು ಕತ್ತರಿಸಲು ಆತ ಒಪ್ಪಿದನೆಂಬ ಕಾರಣಕ್ಕೆ. ನಡುವೆ ಒಮ್ಮೆ ಅವನು ಕೂತ ಕುರ್ಚಿ ಸೆಟ್ಟಿನ ದೀಪಗಳವರೆಗೂ ಮೇಲೇರುತ್ತದೆ. ಅಲ್ಲಿ ಕೂತು, ಕ್ಯಾಮೆರಾ ನೋಡುತ್ತಾ, ತನ್ನ ಬದುಕಿನ ಬಗ್ಗೆ ನಿಮಿಷಗಟ್ಟಲೆ ಮಾತಾಡಿ ಕಣ್ಣೀರಿಡುತ್ತಾನೆ. ಒಂದು ಒದೆಯೂ ಇಲ್ಲ. ಅವನ ಅತ್ಯುತ್ತಮ ಅಭಿನಯ ಇದೇ ಎಂದು, ಹಿಂದಿನ ಬೆಂಚಿನ ಪ್ರತಿಭಟನೆಯ ನಡುವೆಯೂ, ಈ ಪ್ರಬಂಧಕಾರನ ನಿರ್ಣಯ.

ಅಲ್ಲಿಗೆ ಕಾಲಪರ್ವ ಮುಗಿಯಿತೆಂದು ಬರೆಯುವಷ್ಟರಲ್ಲಿ 2013ರ ನವೆಂಬರ್ ಬಂತು. ನಮಗೆ ವೋಲ್ವೋ ಎಂದರೆ ಕಾಲು ಚಾಚಿ ಕೂರುವ ಎಸಿ ಬಸ್ಸು. ಐವತ್ಮೂರರ ವ್ಯಾನ್ ಡ್ಯಾಮ್ ಆ ಕಂಪನಿಯ ಜಾಹೀರಾತಿಗಾಗಿ, ಹಿಮ್ಮುಖವಾಗಿ ಚಲಿಸುವ ಎರಡು ಲಾರಿಗಳ ಕನ್ನಡಿಗಳ ಬಳಿ ಒಂದೊಂದು ಪಾದವೂರಿ, ಕೈಕಟ್ಟಿ, ಲಾರಿಗಳು ದೂರ ಸರಿದಷ್ಟೂ ಅಗಲವಾಗುತ್ತಾ ಹೋದ. ಹಿನ್ನೆಲೆಯಲ್ಲಿ ಎನ್ಯಾಳ ಹಾಡು. ಲಾರಿಗಳು ರಿವರ್ಸ್ ಗೇರಿನಲ್ಲೇ ಏಕಿದ್ದವು ಎಂಬುದರ ಕಾಲಜ್ಞಾನಾತ್ಮಕ ಮಹತ್ವವನ್ನು ಎರಡನೆಯ ಸಂಪುಟದಲ್ಲಿ, ಅನುದಾನ ಮಂಜೂರಾದರೆ, ಚರ್ಚಿಸಲಾಗುವುದು. ಹೊಸ ಚಡ್ಡಿಯ ಬಾಬತ್ತೂ ಅದರಲ್ಲೇ ಸೇರಿದೆ.