ತಿವಿತ ಮೀಮಾಂಸೆ: ಪಂಚ ತಾಲೂಕು ಪ್ರಕರಣ

ಆಜ್ಞೆಯಿಲ್ಲದೆ, ದಂಡವಿಲ್ಲದೆ, ಮೊಣಕೈಯಿಂದ ಮೆತ್ತಗೆ ತಿವಿದು ಪ್ರಜೆಯನ್ನು ದಾರಿಗೆ ತರುವ ವಿದ್ಯೆಯ ಆಚಾರ್ಯ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಬಂತು. 2019ರ ನಮ್ಮ ಆರ್ಥಿಕ ಸಮೀಕ್ಷೆ ಆ ವಿದ್ಯೆಗೊಂದು ಅಧ್ಯಾಯವನ್ನೇ ಬಿಟ್ಟುಕೊಟ್ಟಿತು. ತಿವಿಯುವವರ ಲಕ್ಷಣವೆಲ್ಲ ಅಲ್ಲಿದೆ. ತಿವಿಸಿಕೊಂಡವರ ಲಕ್ಷಣವನ್ನು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಆಧಾರದಿಂದ ಇಲ್ಲಿ ನಿರೂಪಿಸಲಾಗುವುದು.

ಪ್ರಥಮ ವರ್ಗ, ಮೌನಸಮ್ಮತರು. 2020ರ ಮುಂಗಾರಿನಿಂದ ಫಸಲ್ ಬಿಮಾ ಸಾಲಗಾರ ರೈತರಿಗೂ ಐಚ್ಛಿಕ. ಆದರೆ ಬೇಡವೆನ್ನುವವನು ನೋಂದಣಿಯ ಕೊನೆಯ ದಿನಕ್ಕೆ ಏಳು ದಿನ ಮೊದಲೇ ಬ್ಯಾಂಕಿಗೆ ಬರೆದು ಕೊಡಬೇಕು. ಸುಮ್ಮನಿದ್ದರೆ ಸೋಯಾಬೀನಿಗೆ ವಿಮಾ ಮೊತ್ತದ ಶೇ. 2ರಂತೆ ಕಂತು ಹೋಯಿತು. ಇವರಲ್ಲಿ ಉಪವರ್ಗ ಎರಡು: ಮಳೆ ಕೈಕೊಟ್ಟ ವರ್ಷ “ಬ್ಯಾಂಕಿನವ್ರು ಚಲೋ ಮಾಡಿದ್ರು” ಎನ್ನುವವರು, ಪೀಕು ಬಂದ ವರ್ಷ “ನಮ್ಮನ್ನ ಕೇಳದ ಯಾಕ ಹಿಡದ್ರಿ?” ಎನ್ನುವವರು. ಎರಡೂ ಒಂದೇ ಆಸಾಮಿ ಎಂಬುದು ನನ್ನ ಮತ.

ದ್ವಿತೀಯ ವರ್ಗ, ಬಧಿರರು. 2020ರಲ್ಲಿ ಫೋನ್ ಹಚ್ಚಿದರೆ ರಿಂಗಿಗಿಂತ ಮೊದಲು ಕೊರೊನಾ ಎಚ್ಚರಿಕೆಯ ಕೆಮ್ಮು ಕೇಳಿಸುತ್ತಿತ್ತಲ್ಲ, ಆಗ ಯಾವ ಗುಂಡಿ ಒತ್ತಿದರೆ ಅದು ನಿಲ್ಲುತ್ತದೆಂದು ಮೊದಲು ಕಲಿತವರು ಇವರು. ಹೆಚ್ಚು ಹೇಳುವುದು ಬೇಡ, ನಾವೆಲ್ಲ ಇದರಲ್ಲೇ ಬರುತ್ತೇವೆ.

ತೃತೀಯ ವರ್ಗ, ಉಭಯಪಕ್ಷೀಯರು. ನಿಪ್ಪಾಣಿಯಲ್ಲಿ ಹೇರಳ. 2016ರ ಏಪ್ರಿಲ್ 1ರಿಂದ ತಂಬಾಕಿನ ಪೊಟ್ಟಣದ ಎರಡೂ ಬದಿಯ ಶೇ. 85 ಭಾಗ ಎಚ್ಚರಿಕೆಯ ಚಿತ್ರಕ್ಕೆ ಮೀಸಲು. ಬೇರೆ ಊರಲ್ಲಿ ಆ ಚಿತ್ರ ಹೆದರಿಸಬೇಕಾದದ್ದು ಸೇದುವವನನ್ನು. ಇಲ್ಲಿ ಹೆದರುವವಳು ಸುತ್ತುವವಳು. ಮಡಿಲಲ್ಲಿ ಮೊರ, ಕೈಯಲ್ಲಿ ಕತ್ತರಿ. ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ತುದಿ ಮಡಚಿ, ದಾರ ಕಟ್ಟಿದರೆ ಒಂದು ಬೀಡಿ. ಮಜೂರಿ ಮಾತ್ರ ಸಾವಿರದ ಲೆಕ್ಕ. ಚಿತ್ರ ಫಲಿಸಿದರೆ ಆ ಸಾವಿರ ಕಮ್ಮಿ. ತಂಬಾಕಿನ ಧೂಳು ಉಸಿರಿಗೆ ಹೋಗುವುದೂ ಆಕೆಗೇ, ಹಾಗಾಗಿ ಚಿತ್ರ ಸುಳ್ಳು ಎನ್ನುವ ಸೌಕರ್ಯವೂ ಇಲ್ಲ. ಮೆತ್ತಗೆ ತಿವಿಯಲು ಸರ್ಕಾರ ಊರನ್ನೂ ತಪ್ಪಾಗಿ ಆರಿಸಿತೇನೋ: ತಂಬಾಕಿನ ದರಕ್ಕಾಗಿ 1981ರಲ್ಲಿ ರೈತ ನಾಯಕ ಶರದ್ ಜೋಶಿಯವರ ಮುಂದಾಳತ್ವದಲ್ಲಿ ಹೆದ್ದಾರಿಯ ಮೇಲೇ ಕೂತ ಊರಿದು.

ಇನ್ನು ಸೇದುವವನ ವಿಚಾರ. ಅಂಗಡಿಯವನು ಕಟ್ಟು ಬಿಚ್ಚಿ ಎರಡು ಬೀಡಿ ಕೊಡುತ್ತಾನೆ. ಶೇ. 85 ಚಿತ್ರ ಅಂಗಡಿಯ ಹಲಗೆಯ ಮೇಲೇ ಉಳಿಯುತ್ತದೆ.

ಕಡೆಗೆ ವಿಂಗಡಿಸಲು ಕಷ್ಟವಾದದ್ದು ಸರ್ಕಾರವನ್ನೇ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ. 28ರಿಂದ 18ಕ್ಕೆ, ಬೀಡಿ ಎಲೆಯದನ್ನು 18ರಿಂದ 5ಕ್ಕೆ ಇಳಿಸಲು ತೀರ್ಮಾನಿಸಿತು. ಚಿತ್ರ ಇದ್ದಷ್ಟೇ ಇದೆ. ಸದ್ಯಕ್ಕೆ ಸರ್ಕಾರವನ್ನು ತೃತೀಯ ವರ್ಗದಲ್ಲಿ, ಬೀಡಿ ಸುತ್ತುವವರ ಪಕ್ಕದಲ್ಲಿ ಕೂರಿಸಿದೆ. ಮಜೂರಿ ಮಾತ್ರ ಬೇರೆ.