ಅರಸರ ಅಕ್ಕಿಗೆ ‘ಸಾಮಾನ್ಯ’ ದರ್ಜೆ

ರಾಜಮುಡಿ ಮೈಸೂರು ಒಡೆಯರ ಊಟದೆಲೆಯ ಅಕ್ಕಿ, ಹಾಸನ ಜಿಲ್ಲೆಯ ಹೊಳೆನರಸೀಪುರ ಅದರ ತವರು. ಕಂದಾಯ ಕಟ್ಟಲು ಕಾಸಿಲ್ಲದ ರೈತರು ಇದನ್ನೇ ಅರಮನೆಗೆ ಒಪ್ಪಿಸುತ್ತಿದ್ದರಂತೆ. ಈಗ ಅರಸರಿಲ್ಲ, ಪ್ರಜೆಯೇ ಪ್ರಭು. ಹಾಗಾಗಿ ಸರ್ಕಾರವೇ ರೈತನಿಗೆ ಅಕ್ಕಿ ಒಪ್ಪಿಸುತ್ತಿದೆ. ಯಾರ ಗದ್ದೆಯದೆಂದು ಮಾತ್ರ ಕೇಳಬಾರದು. 2023ರಲ್ಲಿ ಅನ್ನಭಾಗ್ಯಕ್ಕೆ ಕೇಂದ್ರ ಅಕ್ಕಿ ಮಾರಲೊಲ್ಲೆ ಎಂದಾಗ ನಮ್ಮವರು ಛತ್ತೀಸಗಢದವರೆಗೂ ಸೆರಗೊಡ್ಡಿ ಬಂದು, ಕೊನೆಗೆ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ಪಾಸ್‌ಬುಕ್ಕಿನಲ್ಲೇ ಅನ್ನ ಬೆಂದಿತು. ಹೊರಗಿನದಕ್ಕೆ ಕೈಯೊಡ್ಡುವುದು ಹಾಸನದವರಿಗೆ ಹೊಸದೇ? ಜಿಲ್ಲೆಗೆ ಆಲೂಗಡ್ಡೆಯಿಂದ ಹೆಸರು, ಬಿತ್ತನೆ ಗಡ್ಡೆ ಬರುವುದು ಜಲಂಧರದಿಂದ.

ಸರ್ಕಾರದ ಕಡತದಲ್ಲಿ ಭತ್ತಕ್ಕಿರುವುದು ಎರಡೇ ಜಾತಿ: ‘ಸಾಮಾನ್ಯ’ ಮತ್ತು ‘ಎ ದರ್ಜೆ’. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 2,369 ಮತ್ತು 2,389 ರೂಪಾಯಿ. ಜಾತಿ ಜಾತಿಗಳ ನಡುವಿನ ಅಂತರ ಬರೀ 20 ರೂಪಾಯಿ! ಬಸವಣ್ಣನವರ ನಂತರ ಸಮಾನತೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರು ಬೆಲೆ ಆಯೋಗದವರೇ ಇರಬೇಕು. ಐದು ತಿಂಗಳು ಗದ್ದೆ ಹಿಡಿದು, ಎದೆಮಟ್ಟ ಬೆಳೆದು, ಒಂದು ಜೋರು ಮಳೆಗೆ ಅಡ್ಡಬೀಳುವ ರಾಜಮುಡಿಗೆ ಕಿರೀಟದ ಬಾಬ್ತು ಅಲ್ಲಿ ಕಲಮೇ ಇಲ್ಲ. ಅದೇ ಅಕ್ಕಿ ಬೆಂಗಳೂರಿನ ಸಾವಯವ ಅಂಗಡಿಯಲ್ಲಿ ಚಂದದ ಬಟ್ಟೆಚೀಲ ಹೊಕ್ಕರೆ ‘ಪಾರಂಪರಿಕ’ವಾಗುತ್ತದೆ. ಬೆಳೆದವನಿಗೆ ನ್ಯಾಯಬೆಲೆ ಅಂಗಡಿ, ತಿನ್ನುವವನಿಗೆ ಪರಂಪರೆ.

ನೀರಿನದು ಇನ್ನೊಂದು ಪುರಾಣ. ಹೇಮಾವತಿಯ ಗೊರೂರು ಅಣೆಕಟ್ಟೆಯಲ್ಲಿ 37 ಟಿಎಂಸಿ ನಿಲ್ಲುತ್ತದೆ. ಮಳೆ ಕೈಕೊಟ್ಟ ವರ್ಷ ‘ಭತ್ತ ಹಾಕಬೇಡಿ’ ಎಂಬ ಅಪ್ಪಣೆ ನೀರಿಗಿಂತ ಮೊದಲು ನಾಲೆಯ ಕೊನೆ ಮುಟ್ಟುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ಸುರಂಗದೊಳಗೆ ಹೇಮಾವತಿ ತುಮಕೂರಿಗೆ ಹೋಗುತ್ತಾಳೆ, ಸುರಂಗದ ನೆತ್ತಿಯ ಮೇಲಿನವರು ಬೋರ್‌ವೆಲ್ ಕೊರೆಸುತ್ತಾರೆ. ಅರಕಲಗೂಡಿನವರು ಜಾಣರು. ಹೊಗೆಸೊಪ್ಪು, ಶುಂಠಿ ಹಿಡಿದರು. ಅನ್ನಕ್ಕೆ ದರವಿಲ್ಲದಿದ್ದರೂ ಸಿಗರೇಟಿಗೆ ರಾಮನಾಥಪುರದಲ್ಲಿ ಹರಾಜು ಕಟ್ಟೆಯಿದೆ.

ಗದ್ದೆ ಹೋದರೆ ಹೋಗುವುದು ಅಕ್ಕಿಯೊಂದೇ ಅಲ್ಲ. ನಿಂತ ನೀರಿಗೆ ಕಪ್ಪೆ, ಏಡಿ, ಮೀನುಮರಿ, ಅವಕ್ಕೆ ಬೆಳ್ಳಕ್ಕಿ, ಬದುವಿನ ಇಲಿಗೆ ಕೇರೆಹಾವು. ಅರ್ಜಿ ಹಾಕದೆ, ಆಧಾರ್ ಜೋಡಿಸದೆ ಸೌಲಭ್ಯ ಉಣ್ಣುತ್ತಿದ್ದ ಈ ಅಕ್ರಮ ಫಲಾನುಭವಿಗಳನ್ನು ಸೈಟು, ಲೇಔಟುಗಳು ಸದ್ದಿಲ್ಲದೆ ಪಟ್ಟಿಯಿಂದ ತೆಗೆಯುತ್ತಿವೆ. ಭತ್ತದ ಬೆಲೆ ಬಲ್ಲ ಅಧಿಕಾರಿ ಜಿಲ್ಲೆಯಲ್ಲಿ ಉಳಿದಿದ್ದರೆ ಅದು ಆಲೂರು, ಸಕಲೇಶಪುರದ ಆನೆ. ತೆನೆ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಖುದ್ದು ಸ್ಥಳಪರಿಶೀಲನೆಗೆ ಬರುತ್ತದೆ. ಟಿಎ, ಡಿಎ ಕೇಳುವುದಿಲ್ಲ.

ಕೆಲಸದ ಮಾತೂ ಉಂಟು. ಪೈರು ಕಿತ್ತು, ನಾಟಿ ಹಾಕಿ, ಕಳೆ ತೆಗೆದು, ಕುಯ್ಲು ಮುಗಿಸುವಷ್ಟರಲ್ಲಿ ಒಂದೊಂದು ಗದ್ದೆ ಹತ್ತಾರು ಹೆಂಗಸರ ಕೈಗೆ ಕೂಲಿ ಕೊಡುತ್ತಿತ್ತು. ಈಗ ಅವರು ಬೆಳಗಿನ ಗಾರ್ಮೆಂಟ್ಸ್ ಬಸ್ಸಿನಲ್ಲಿದ್ದಾರೆ, ಗದ್ದೆಯವರು ‘ಆಳೇ ಸಿಗಲ್ಲ’ ಎಂದು ಹಲುಬುತ್ತಾರೆ. ಸಿಗದೆ ಏನು? 2018ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿಯವರೇ ಕೆಸರಿಗಿಳಿದು ನಾಟಿ ಹಾಕಿದರು. ಅದು ಪಾಂಡವಪುರದ ಸೀತಾಪುರದಲ್ಲಿ. ಅವರ ಹುಟ್ಟೂರು ಹರದನಹಳ್ಳಿ ಇರುವ ಹೊಳೆನರಸೀಪುರ ತಾಲ್ಲೂಕಿನವರು ಆಳಿಗೆ ಇನ್ನೂ ಫೋನು ಮಾಡುತ್ತಿದ್ದಾರೆ.